ಚಕ್ರವರ್ತಿಯ ಪದ್ಧತಿ

ಲ್ಯಾನ್ಸ್‌ಲಾಟ್ ಪಿರೇರಾ ತನ್ನ ವಿಸಿಟಿಂಗ್ ಕಾರ್ಡಿನ ಮೇಲೆ ‘ಕ್ಯುರೇಟರ್’ ಎಂದು ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿಕೊಂಡು ಬಂದ ದಿನ ವತ್ಸಲಾ ನಗಲಿಲ್ಲ. ಒಬ್ಬನನ್ನು ನೋಡಿ ನಗಬೇಕಾದರೂ ಅವನ ಬಗ್ಗೆ ಒಂದಿಷ್ಟು ಮರ್ಯಾದೆ ಉಳಿದಿರಬೇಕು. ಅವಳು ಕಾರ್ಡನ್ನು ತಿರುಗಿಸಿ ಹಿಂಬದಿ ನೋಡಿದಳು. ಅಲ್ಲಿ ಅದೇ ಮಾತು ಅರಬಿಯಲ್ಲಿತ್ತು.

“ಚಂದ ಬಂದಿದೆ ಸರ್.”

“ಪೇಪರ್ ಮುಟ್ಟಿ ನೋಡಿ ಮೇಡಂ. ಇಟಾಲಿಯನ್ ಪೇಪರ್ ಅದು.”

ಅವಳು ಮುಟ್ಟಿ ನೋಡಿದಳು. ಪೇಪರು ಚೆನ್ನಾಗಿಯೇ ಇತ್ತು.

ಲ್ಯಾನ್ಸ್‌ಲಾಟ್ ಮಂಗಳೂರಿನ ವೆಲೆನ್ಸಿಯಾದವನು. ದೋಹಾಕ್ಕೆ ಬಂದದ್ದು ಅರ್ಬಾಬರ ಸ್ಯಾನಿಟರಿ ಸಾಮಾನಿನ ಕಂಪನಿಗೆ ಪರ್ಚೇಸ್ ಕ್ಲರ್ಕ್ ಆಗಿ. ಅರ್ಬಾಬ್ ಅಂದರೆ ಯಜಮಾನರು; ಹೆಸರು ಹಿಡಿದು ಕರೆಯುವ ಗುಂಡಿಗೆ ಆಫೀಸಿನಲ್ಲಿ ಯಾರಿಗೂ ಇರಲಿಲ್ಲ. ಕಮೋಡು, ವಾಷ್ ಬೇಸಿನ್, ನಲ್ಲಿ, ಪ್ರತಿಯೊಂದರ ಕೋಡ್ ನಂಬರೂ ಲ್ಯಾನ್ಸ್‌ಲಾಟ್‌ಗೆ ಬಾಯಿಪಾಠವಾಗಿತ್ತು. ಮುಂದೆ ಅರ್ಬಾಬರಿಗೆ ಹಳೆಯ ವಸ್ತುಗಳ ಹುಚ್ಚು ಹತ್ತಿತು. ಮದೀನತ್ ಖಲೀಫಾದಲ್ಲಿದ್ದ ಅವರ ಒಂದು ವಿಲ್ಲಾ ಕತ್ತಿ, ಹೂಜಿ, ರತ್ನಗಂಬಳಿ, ತಾಮ್ರದ ಹರಿವಾಣಗಳಿಂದ ತುಂಬಿಹೋಯಿತು. ಆಗ ‘ಸಾಮಾನು ಸರಿಯಾಗಿ ಜೋಡಿಸಿ ಇಡುವವ’ ಎಂಬ ಒಂದೇ ಅರ್ಹತೆಯ ಮೇಲೆ ಲ್ಯಾನ್ಸ್‌ಲಾಟ್‌ನನ್ನು ಅಲ್ಲಿಗೆ ಕಳಿಸಿದರು. ಕಮೋಡಿಗೂ ಕಲಾಕೃತಿಗೂ ಅವನ ಮಟ್ಟಿಗೆ ಇದ್ದ ವ್ಯತ್ಯಾಸ ಒಂದೇ: ಕಮೋಡಿಗೆ ಗ್ಯಾರಂಟಿ ಇರುತ್ತದೆ.

ವತ್ಸಲಾ ಮೈಸೂರಿನ ಗಂಗೋತ್ರಿಯಲ್ಲಿ ಪ್ರಾಚೀನ ಇತಿಹಾಸದ ಎಂ.ಎ. ಮಾಡಿದವಳು. ಅವಳ ಗಂಡ ರೋಶನ್ ಅದೇ ಕಂಪನಿಯ ಎ.ಸಿ. ಸೆಕ್ಷನ್ನಿನಲ್ಲಿ ಫೋರ್‌ಮನ್. ವಿಲ್ಲಾದಲ್ಲಿ ಅವಳ ಕೆಲಸವೆಂದರೆ ಒಂದೊಂದು ವಸ್ತುವಿಗೂ ಇಂಗ್ಲಿಷಿನಲ್ಲಿ ಒಂದು ಚಿಕ್ಕ ಕಾರ್ಡು ಬರೆಯುವುದು: ಎಲ್ಲಿಯದು, ಎಂದಿನದು, ಏನು. ಆ ಕಾರ್ಡುಗಳನ್ನು ಯಾರೂ ಓದುತ್ತಿರಲಿಲ್ಲ. ಬಂದ ಅತಿಥಿಗಳು ಹರಿವಾಣವನ್ನು ಬೆರಳಿನಿಂದ ತಟ್ಟಿ ಶಬ್ದ ಕೇಳುತ್ತಿದ್ದರು, ಕತ್ತಿಯ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಗಹ್ವಾ ಎಂಬ ಅರಬಿ ಕಾಫಿ ಕುಡಿದು ಹೋಗುತ್ತಿದ್ದರು. ಅವಳಿಗೆ ಇವರಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಶ್ರಮ ಬೇಕು. ತಾತ್ಸಾರಕ್ಕೆ ಸುಮ್ಮನೆ ನೋಡುತ್ತಾ ಕುಳಿತರೆ ಸಾಕು.

ಜೇಡ್ ಪುಸ್ತಕ ಬಂದದ್ದು ಲಂಡನ್ನಿನ ಒಂದು ಹರಾಜಿನಿಂದ. ಅದು ಪುಸ್ತಕವೇ, ಆದರೆ ಕಲ್ಲಿನದು. ಕಪ್ಪು ಮರದ ಪೆಟ್ಟಿಗೆಯೊಳಗೆ ಬಿಡಿಬಿಡಿ ಹಾಳೆಗಳು. ಹಾಳೆ ಎಂದರೆ ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕಡು ಹಸಿರು ಬಣ್ಣದ, ನುಣುಪಾದ ಜೇಡ್ ಕಲ್ಲಿನ ಹಲಗೆ. ಅದರ ಮೇಲೆ ಬುದ್ಧನ ಒಂದು ಸೂತ್ರವನ್ನು ಚೀನೀ ಅಕ್ಷರಗಳಲ್ಲಿ ಕೊರೆದು, ಕೊರೆದಲ್ಲಿ ಚಿನ್ನ ತುಂಬಿದ್ದರು. ಹದಿನೆಂಟನೆಯ ಶತಮಾನದಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯ ಆಸ್ಥಾನಕ್ಕಾಗಿ ಮಾಡಿದ್ದು. ಮೊದಲ ಹಾಳೆಯಲ್ಲಿ ಕುಳಿತ ಬುದ್ಧನ ಚಿತ್ರವಿತ್ತು, ಅದೂ ಚಿನ್ನದ ಗೆರೆಯಲ್ಲಿ. ಅರ್ಬಾಬ್ ಅದನ್ನು ಬಹಳ ಹೊತ್ತು ನೋಡಿ, ಮೆತ್ತಗೆ, “ಚಿತ್ರ ಪೆಟ್ಟಿಗೆಯೊಳಗೇ ಇರಲಿ, ಅಕ್ಷರ ಮಾತ್ರ ಹೊರಗಿಡೋಣ,” ಅಂದಿದ್ದರು. ಹಾಗಾಗಿ ಬುದ್ಧ ಒಳಗೆ, ಅವನ ಮಾತು ಗಾಜಿನ ಕಪಾಟಿನಲ್ಲಿ.

ಕಾರ್ಡು ಬರೆಯಲೆಂದು ವತ್ಸಲಾ ಆ ಸೂತ್ರದ ಇಂಗ್ಲಿಷ್ ಅನುವಾದ ತರಿಸಿ ಓದಿದಳು. ಕಾಣುವುದೆಲ್ಲ ಬರಿದು, ಹಿಡಿದಿಟ್ಟುಕೊಳ್ಳುವಂಥದ್ದು ಏನೂ ಇಲ್ಲ ಎಂಬುದು ಅದರ ಸಾರ. ಓದಿ ಮುಗಿಸಿ ಅವಳು ಕಿಟಕಿಯಾಚೆ ನೋಡಿದಳು. ಎದುರು ವಿಲ್ಲಾದ ಡ್ರೈವರ್ ಕಾರು ತೊಳೆಯುತ್ತಿದ್ದ. ಎಲ್ಲ ಬರಿದು ಎಂದು ಸಾರಲು ಆ ಚಕ್ರವರ್ತಿಗೆ ಸಿಕ್ಕಿದ್ದು ಉಳಿಯ ಮೊನೆಗೂ ಬಗ್ಗದ ಕಲ್ಲು. ಜೇಡ್ ಕಲ್ಲನ್ನು ಕೆತ್ತಲಾಗುವುದಿಲ್ಲ, ಗಟ್ಟಿ ಮರಳನ್ನು ನೀರಲ್ಲಿ ಕಲಸಿ, ಚಕ್ರಕ್ಕೆ ಹಚ್ಚಿ, ಸವೆಸಿ ಸವೆಸಿಯೇ ಗೆರೆ ಎಬ್ಬಿಸಬೇಕು. ಎಷ್ಟು ಜನರ ಕಣ್ಣು ಹೋಯಿತೋ. ಕೊನೆಗೆ ಅದಕ್ಕೆ ಚಿನ್ನ ತುಂಬಿಸಿ, ಪೆಟ್ಟಿಗೆಯಲ್ಲಿ ಹಾಕಿ ಮುಚ್ಚಿಟ್ಟ. ಏನನ್ನೂ ಹಿಡಿದಿಟ್ಟುಕೊಳ್ಳಬೇಡ ಎಂಬ ಮಾತನ್ನೇ ಹಿಡಿದಿಟ್ಟುಕೊಂಡವನಿಗೆ ತಾನು ದೊಡ್ಡ ಭಕ್ತನೆಂಬ ಭ್ರಮೆ ಬೇರೆ ಇತ್ತಂತೆ. ಕಾರ್ಡಿನಲ್ಲಿ ಅವಳು ಇದ್ಯಾವುದನ್ನೂ ಬರೆಯಲಿಲ್ಲ. ಚೀನಾ, ಹದಿನೆಂಟನೆಯ ಶತಮಾನ, ಜೇಡ್, ಚಿನ್ನ ಎಂದಷ್ಟೇ ಬರೆದಳು.

ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ಕಂಪನಿಗೆ ಸೇರಿದ ಯಾವ ವಸ್ತುವೇ ಆಗಲಿ, ಮೈಮೇಲೆ ನಂಬರ್ ಇರಬೇಕು. ಮೊದಲು ಸ್ಟಿಕ್ಕರ್ ಅಂಟಿಸುತ್ತಿದ್ದರು. ಆಗಸ್ಟ್ ತಿಂಗಳ ಹಸಿಹಸಿ ಸೆಕೆಗೆ ಸ್ಟಿಕ್ಕರುಗಳು ಬೆವರಿ ಉದುರಿಬಿದ್ದವು, ಗೋಡೌನಿನಿಂದ ಒಂದು ಜನರೇಟರು ಹೇಳದೆ ಕೇಳದೆ ಮಾಯವಾಯಿತು, ಆಡಿಟರುಗಳು ಉಗಿದರು. ಲ್ಯಾನ್ಸ್‌ಲಾಟ್ ಎಲೆಕ್ಟ್ರಿಕ್ ಪೆನ್ನು ತರಿಸಿದ್ದು ಆಗ. ವಜ್ರದ ಮೊನೆಯದು, ಗುಂಡಿ ಒತ್ತಿದರೆ ಜೀರ್ ಎಂದು ನಡುಗುತ್ತಾ ಕಬ್ಬಿಣದ ಮೇಲೂ ಬರೆಯುತ್ತಿತ್ತು. ಅಂದಿನಿಂದ ಎ.ಸಿ., ಕುರ್ಚಿ, ಏಣಿ, ಚಹಾದ ಫ್ಲಾಸ್ಕು, ಯಾವುದನ್ನು ತಿರುಗಿಸಿ ನೋಡಿದರೂ ನಂಬರ್.

ಬರೆಯುತ್ತಿದ್ದವನು ಸ್ಟೋರ್‌ಕೀಪರ್ ಅಬ್ದುಲ್ ಸಲಾಂ. ಉಪ್ಪಿನಂಗಡಿಯ ಕಡೆಯ ಬ್ಯಾರಿ, ಐವತ್ತು ದಾಟಿದವನು. ಅವನ ಸಂಸಾರ ಅಲ್ ವಕ್ರಾದ ಒಂದು ಹಳೆ ಮನೆಯಲ್ಲಿ ಬೇರು ಬಿಟ್ಟು ಎಷ್ಟೋ ಕಾಲವಾಗಿತ್ತು. ಮಗಳು ನಹ್ಲಾ ಹುಟ್ಟಿದ್ದೇ ಅಲ್ಲಿ, ಈಗ ಹನ್ನೆರಡನೆಯ ಕ್ಲಾಸು. ಸಲಾಂನ ಅಕ್ಷರ ಅಚ್ಚು ಹಾಕಿದ ಹಾಗೆ. ಏಣಿಯ ಕಾಲಿಗೆ ನಂಬರ್ ಬರೆಯುವಾಗಲೂ ನಾಲಿಗೆಯನ್ನು ಹಲ್ಲಿನ ನಡುವೆ ಕಚ್ಚಿಕೊಂಡು, ಮದುವೆಯ ಕಾಗದದ ಮೇಲೆ ಹೆಸರು ಬರೆಯುವವನಂತೆ ಬರೆಯುತ್ತಿದ್ದ.

ವಿಲ್ಲಾದ ಹಳೆಯ ವಸ್ತುಗಳಿಗೆ ಮಾತ್ರ ದಾರದಲ್ಲಿ ಚೀಟಿ ಕಟ್ಟುತ್ತಿದ್ದರು. ಆ ವರ್ಷದ ಆಡಿಟ್ಟಿಗೆ ಮುಂಚೆ ಲ್ಯಾನ್ಸ್‌ಲಾಟ್ ಎಲ್ಲರನ್ನೂ ಸೇರಿಸಿ ಒಂದು ಭಾಷಣ ಮಾಡಿದ. “ಈ ಸಲ ಒಂದೂ ಬಿಡಬಾರ್ದು. ವಿಲ್ಲಾದ ಒಳಗೆ ಎಂತೆಲ್ಲ ಉಂಟೋ ಎಲ್ಲದಕ್ಕೂ ನಂಬರ್. ದಾರ ಕಟ್ಲಿಕ್ಕೆ ಆಗದ್ದಕ್ಕೆ ಪೆನ್. ನನ್ನ ಹತ್ರ ಬಂದು ಇದಕ್ಕೆ ಬೇಕಾ ಅದಕ್ಕೆ ಬೇಕಾ ಅಂತ ಕೇಳ್ಬೇಡಿ. ಎಲ್ಲದಕ್ಕೂ ಅಂದ್ರೆ ಎಲ್ಲದಕ್ಕೂ. ಯಲ್ಲಾ, ಹೊರಡಿ.”

ವತ್ಸಲಾ ಅಲ್ಲೇ ಕುಳಿತು ಇದನ್ನು ಕೇಳಿಸಿಕೊಂಡಿದ್ದಳು. ಕಲ್ಲಿನ ಹಾಳೆಗೆ ದಾರ ಕಟ್ಟಲು ತೂತಿಲ್ಲ, ಹಿಡಿಯಿಲ್ಲ, ಕತ್ತಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಎದ್ದು ಒಂದು ಮಾತು ಹೇಳಬೇಕೆಂದು ಅನ್ನಿಸಲಿಲ್ಲ. ಮೂರ್ಖತನಕ್ಕೆ ಎಲ್ಲಾದರೂ ಒಂದು ಕಡೆ ಗೋಡೆ ಇದ್ದೇ ಇರುತ್ತದೆ ಎಂದು ನಂಬಿದ್ದು ಅವಳ ಓದಿನ ದೋಷ.

ಗುರುವಾರ ಬೆಳಿಗ್ಗೆ ಲ್ಯಾನ್ಸ್‌ಲಾಟ್ ಅವಳನ್ನು ಒಳಗೆ ಕರೆದ. ಆ ಸಂಜೆ ಅರ್ಬಾಬ್ ತಮ್ಮ ಅತಿಥಿಗೆ ಜೇಡ್ ಪುಸ್ತಕ ತೋರಿಸುವವರಿದ್ದರು. ಅತಿಥಿ ಪ್ಯಾಟ್ರಿಷಿಯಾ ಎಂಬ ಇಂಗ್ಲಿಷ್ ಹೆಂಗಸು, ಲಂಡನ್ನಿನ ಒಂದು ಮ್ಯೂಸಿಯಮ್ಮಿನಲ್ಲಿ ಚೀನೀ ವಿಭಾಗ ನೋಡಿಕೊಳ್ಳುವವಳು. ಲ್ಯಾನ್ಸ್‌ಲಾಟ್ ಆಗಲೇ ಟೈ ಕಟ್ಟಿಕೊಂಡಿದ್ದ. ಟೈಯ ಮೇಲಿನ ಮುಖ ಸುಣ್ಣ ಬಳಿದ ಹಾಗಿತ್ತು.

“ಬಾಗಿಲು ಹಾಕಿ ಮೇಡಂ. ಇದೆಂತದು ನೋಡಿ.”

ಮೇಜಿನ ಮೇಲೆ ಒಂದು ಜೇಡ್ ಹಾಳೆ. ಚಿನ್ನದ ಸಾಲುಗಳು ಮುಗಿದ ಮೇಲೆ, ಕೆಳಗಿನ ಖಾಲಿ ಅಂಚಿನಲ್ಲಿ, ಅಚ್ಚುಕಟ್ಟಾದ ಬಿಳಿ ಗೀರುಗಳಲ್ಲಿ ಕಂಪನಿಯ ಹೆಸರಿನ ಮೊದಲಕ್ಷರಗಳು, ಒಂದು ಅಡ್ಡಗೆರೆ, ಒಂದು ನಂಬರ್. ಅಕ್ಷರಗಳ ನಡುವಿನ ಜಾಗ ಎಲ್ಲೂ ಹೆಚ್ಚುಕಡಿಮೆಯಾಗಿರಲಿಲ್ಲ.

ವತ್ಸಲಾ ಬೆರಳಿನ ತುದಿಯಿಂದ ಮುಟ್ಟಿ ನೋಡಿದಳು. ಗೀರು ಬೆರಳಿಗೆ ತಾಗಿತು. ಒರೆಸಿದರೆ ಹೋಗುವಂಥದ್ದಲ್ಲ.

ಗೋಡೆಗೆ ಒತ್ತಿಕೊಂಡು ಅಬ್ದುಲ್ ಸಲಾಂ ನಿಂತಿದ್ದ. ಏನೋ ಎಡವಟ್ಟಾಗಿದೆ ಎಂದು ಅವನಿಗೆ ಗೊತ್ತಾಗಿತ್ತು. ಏನು ಎಂದು ಗೊತ್ತಾಗಿರಲಿಲ್ಲ.

“ಎಷ್ಟು ಹಾಳೆಗೆ ಬರ್ದೆ?” ಲ್ಯಾನ್ಸ್‌ಲಾಟ್ ಕೇಳಿದ.

“ಒಂದೇ ಸರ್. ಭಾರೀ ಗಟ್ಟಿ ಕಲ್ಲು. ಪೆನ್ ಬಿಸಿಯಾಯ್ತು. ಉಳಿದದ್ದು ಶನಿವಾರ ಮಾಡಿ ಮುಗಿಸ್ತೇನೆ.”

“ಶನಿವಾರ!” ಲ್ಯಾನ್ಸ್‌ಲಾಟ್ ಎರಡೂ ಕೈಯಿಂದ ತಲೆ ಹಿಡಿದುಕೊಂಡ. “ಕೇಳಿದ್ರಾ ಮೇಡಂ? ಶನಿವಾರ ಮಾಡ್ತಾನಂತೆ! ಇದರ ಮೇಲೆ ಕೊರಿ ಅಂತ ನಿಂಗೆ ಯಾರು ಹೇಳಿದ್ದು?”

“ನೀವೇ ಅಲ್ವಾ ಸರ್.”

“ನಾನಾ? ಕಲ್ಲಿನ ಪುಸ್ತಕಕ್ಕೆ ಬರಿ ಅಂತ ನಾನು ಹೇಳಿದ್ದಾ?”

“ದಾರ ಕಟ್ಲಿಕ್ಕೆ ಆಗದ್ದಕ್ಕೆ ಪೆನ್ ಅಂದ್ರಿ. ಕೇಳ್ಬೇಡ ಅಂದ್ರಿ. ಹಾಗೆ ಕೇಳ್ಲಿಲ್ಲ.” ಸಲಾಂ ವತ್ಸಲಾಳ ಕಡೆ ತಿರುಗಿದ. “ಅಕ್ಕನೂ ಇದ್ರಲ್ಲ ಆಗ.”

ಲ್ಯಾನ್ಸ್‌ಲಾಟ್ ಕೂಡ ಅವಳ ಕಡೆ ತಿರುಗಿದ. ದನಿ ಇಳಿಸಿ ಕೇಳಿದ, “ಎ.ಸಿ. ಸೆಕ್ಷನ್ನಲ್ಲಿ ಜನ ಕಡಿಮೆ ಮಾಡ್ತಾರಂತಲ್ಲ ಮೇಡಂ. ರೋಶನ್‌ಗೆ ತೊಂದ್ರೆ ಎಂತ ಇಲ್ಲ ಅಲ್ವಾ? ನಾನು ಒಂದು ಮಾತು ಹೇಳಿಟ್ಟಿದ್ದೆ ಆ ಸೆಕ್ಷನ್ನಿನವರ ಹತ್ರ.”

ಬೆದರಿಕೆಯನ್ನೂ ಕುಶಲ ವಿಚಾರಿಸಿದಂತೆ ಹಾಕುವವನು. ಇವನಿಗೆ ಅಷ್ಟು ಬುದ್ಧಿ ಎಲ್ಲಿತ್ತು ಎಂದು ವತ್ಸಲಾಗೆ ಅನ್ನಿಸಿತು. ಅವಳು ಹಾಳೆಯನ್ನು ಮೇಜಿನ ನಡುವಿಗೆ ಸರಿಸಿದಳು. ಸಲಾಂನ ಪರ ಸಾಕ್ಷಿ ಹೇಳದೆ ಇದ್ದುದಕ್ಕೆ ತನ್ನ ಬಗ್ಗೆ ಹೊಸದಾಗಿ ಏನೂ ಅನ್ನಿಸಲಿಲ್ಲ.

“ಖಲಾಸ್,” ಎಂದ ಲ್ಯಾನ್ಸ್‌ಲಾಟ್. “ಅರ್ಬಾಬರಿಗೆ ನಾನು ಇದ್ದದ್ದು ಇದ್ದ ಹಾಗೆ ಹೇಳ್ತೇನೆ. ಸ್ಟೋರಿನವ ತಲೆ ಇಲ್ಲದೆ ಮಾಡಿದ್ದು ಅಂತ. ವೀಸಾ ಕ್ಯಾನ್ಸಲ್ ಮಾಡಿ ಕಳಿಸ್ತಾರೆ. ಜೈಲಿಗೆ ಹಾಕದಿದ್ರೆ ನಿನ್ನ ಪುಣ್ಯ ಅಂತ ತಿಳ್ಕೊ.”

“ಸರ್, ನಹ್ಲಾಳ ಪರೀಕ್ಷೆ...”

“ನಂಗೆ ಎಂತ ಹೇಳ್ತಿ? ಕಲ್ಲಿಗೆ ಹೇಳು.”

ಸಲಾಂ ಹೊರಗೆ ಹೋದ. ಹೋಗುವಾಗಲೂ ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.

ವತ್ಸಲಾ ಅವನನ್ನು ಹುಡುಕಿಕೊಂಡು ಹೋಗಲಿಲ್ಲ. ಅವನೇ ಬಂದ, ಅವಳು ಚಹಾ ಮಾಡಿಕೊಳ್ಳುತ್ತಿದ್ದ ಪ್ಯಾಂಟ್ರಿಗೆ. ಅಳುತ್ತಿರಲಿಲ್ಲ. ಅತ್ತಿದ್ದರೆ ಅವಳಿಗೆ ಸುಲಭವಾಗುತ್ತಿತ್ತು.

“ವತ್ಸಲಕ್ಕಾ, ಪರೀಕ್ಷೆಗೆ ಇನ್ನು ಸ್ವಲ್ಪವೇ ಉಂಟು. ಈಗ ಕಳಿಸಿದ್ರೆ ವರ್ಷ ಹೋಯ್ತು. ಊರಲ್ಲಿ ನಮ್ಗೆ ಮನೆ ಕೂಡ ಇಲ್ಲ, ತಮ್ಮನ ಮನೆಯಲ್ಲಿ ಮಾಳಿಗೆ ಮಾತ್ರ. ಅವಳು ಅಲ್ಲಿ ಎರಡು ವಾರ ರಜೆಯಲ್ಲಿ ಇರ್ಲಿಕ್ಕೇ ಆಗುದಿಲ್ಲ ಅಂತ ಹಠ ಮಾಡ್ತಾಳೆ. ಎಂತ ಹೇಳುದು ಅವಳಿಗೆ?”

“ನಿಮಗೆ ಕಣ್ಣಿಲ್ಲವಾ ಸಲಾಂಕಾಕ? ಚಿನ್ನದ ಅಕ್ಷರ ಕಾಣ್ತದೆ, ಅದರ ಕೆಳಗೆ ನಂಬರ್ ಕೊರಿತೀರಿ?”

“ಕಂಡಿತು ಅಕ್ಕ.” ಅವನು ತುಸು ಸಂಕೋಚದಿಂದ ಅಂದ. “ಅದ್ಕೇ ಮತ್ತೆ, ಕೆಳಗೆ ಖಾಲಿ ಇದ್ದಲ್ಲಿ ಬರ್ದದ್ದು. ಅವರ ಅಕ್ಷರಕ್ಕೆ ತಾಗದ ಹಾಗೆ. ಸಾಲು ನೇರ ಬಂದಿದೆ ಅಲ್ವಾ?”

ಅವಳು ಲೋಟವನ್ನು ಕೆಳಗಿಟ್ಟಳು. ಈ ಮನುಷ್ಯನ ಮೇಲೆ ಕನಿಕರ ಹುಟ್ಟುವುದು ಎಷ್ಟು ಕಷ್ಟ ಎಂದುಕೊಂಡಳು. ಕೊಲ್ಲಲು ಕರೆದೊಯ್ಯುತ್ತಿದ್ದಾರೆ, ಇವನಿಗೆ ತನ್ನ ಅಕ್ಷರ ಹೇಗೆ ಬಂದಿದೆ ಎಂಬ ಚಿಂತೆ. ಆದರೆ ಕನಿಕರ ಹುಟ್ಟದಿದ್ದರೂ ಒಂದು ಮಾತು ಸ್ಪಷ್ಟವಾಗಿತ್ತು. ಒಬ್ಬ ಹುಡುಗಿ ತನ್ನ ಹನ್ನೆರಡನೆಯ ಕ್ಲಾಸನ್ನು ಅರ್ಧಕ್ಕೆ ಬಿಟ್ಟು ಯಾರದೋ ಮಾಳಿಗೆಗೆ ಹೋಗಬೇಕಾಗಿತ್ತು, ಲ್ಯಾನ್ಸ್‌ಲಾಟ್ ಪಿರೇರಾನ ಇಟಾಲಿಯನ್ ಕಾರ್ಡು ಉಳಿಯಲಿ ಎಂದು.

“ನೇರ ಬಂದಿದೆ,” ಎಂದು ಹೇಳಿ ಅವಳು ಲ್ಯಾನ್ಸ್‌ಲಾಟ್‌ನ ಕೋಣೆಗೆ ವಾಪಸ್ ಹೋದಳು.

ಅವನು ಕನ್ನಡಿಯಿಲ್ಲದ ಕಡೆ ಕನ್ನಡಿ ಇದೆಯೆಂಬಂತೆ ನಿಂತು, ಸಂಜೆ ಹೇಳಬೇಕಾದ ಮಾತನ್ನು ಇಂಗ್ಲಿಷಿನಲ್ಲಿ ಅಭ್ಯಾಸ ಮಾಡುತ್ತಿದ್ದ. “ವಿತ್ ಡೀಪ್ ರಿಗ್ರೆಟ್” ಎಂಬಲ್ಲಿಗೆ ಬಂದಿದ್ದ.

“ಸರ್, ಒಂದು ಸಂಶಯ. ಆ ಕಪಾಟಿನ ಬೀಗದ ಕೈ ಯಾರ ಹತ್ತಿರ ಇರ್ತದೆ?”

“ನನ್ನ ಹತ್ರ. ಮತ್ತೆ?”

“ಮತ್ತೇನಿಲ್ಲ. ಅರ್ಬಾಬರು ಮೊದಲು ಕೇಳುವುದು ಅದನ್ನೇ. ಸ್ಟೋರಿನವನಿಗೆ ಕಪಾಟು ತೆಗೆದುಕೊಟ್ಟವರು ಯಾರು ಅಂತ.”

ಲ್ಯಾನ್ಸ್‌ಲಾಟ್ ಕುಳಿತುಕೊಂಡ. ನಿಧಾನವಾಗಿ ಕುಳಿತುಕೊಂಡ, ಕುರ್ಚಿ ಇದೆಯೋ ಇಲ್ಲವೋ ಎಂಬ ಹಾಗೆ. ಟೈಯ ಗಂಟು ಸಡಿಲಿಸಿದ. ಸಲಾಂನನ್ನು ಕಳಿಸುವ ವಿಮಾನದಲ್ಲಿ ತನ್ನದೂ ಒಂದು ಸೀಟು ಇರಬಹುದೆಂದು ಅವನಿಗೆ ಅದುವರೆಗೆ ಹೊಳೆದೇ ಇರಲಿಲ್ಲ.

“ಎಂತ ಮಾಡುದು ಮೇಡಂ ಈಗ? ಪಾಲಿಶ್ ಮಾಡಿದ್ರೆ ಹೋಗ್ಲಿಕ್ಕಿಲ್ವಾ? ನಮ್ಮ ಮಾರ್ಬಲ್ ಕಟ್ ಮಾಡುವವನನ್ನು ಕರೆಸಿದ್ರೆ...”

ಆ ದೃಶ್ಯ ವತ್ಸಲಾಳ ಕಣ್ಣ ಮುಂದೆ ಬಂತು: ಅಲ್ ಅಜೀಜಿಯಾದ ಯಾವುದೋ ಬಾತ್‌ರೂಮಿನ ಕೆಲಸ ಬಿಟ್ಟು ಮಾರ್ಬಲ್‌ನವ ಗ್ರೈಂಡರ್ ಹಿಡಿದುಕೊಂಡು ಬರುವುದು. ಅದೂ ಆಗಬಹುದಾದದ್ದೇ. ಇಲ್ಲಿ ಆಗಲಾರದ್ದು ಯಾವುದೂ ಇಲ್ಲ.

“ಯಾಕೆ ಸರ್ ಅಳಿಸುವುದು?” ಎಂದಳು. ಅವಳ ದನಿಯಲ್ಲಿ ಎಷ್ಟು ವ್ಯಂಗ್ಯವಿತ್ತೆಂದರೆ ಬೇರೆ ಯಾರಾದರೂ ಆಗಿದ್ದರೆ ಎದ್ದು ಹೋಗುತ್ತಿದ್ದರು. “ಇದನ್ನು ಮಾಡಿಸಿದ ಚಕ್ರವರ್ತಿಯೂ ಹೀಗೇ ಮಾಡುತ್ತಿದ್ದ. ಹಳೆಯ ಜೇಡ್, ಹಳೆಯ ಚಿತ್ರ, ಏನೇ ಕೈಗೆ ಸಿಗಲಿ, ಅದರ ಮೇಲೆ ತನ್ನ ಪದ್ಯ ಕೊರೆಸುವುದು, ತನ್ನ ಮುದ್ರೆ ಒತ್ತಿಸುವುದು. ಅವನಿಗಿಂತ ಸಾವಿರ ವರ್ಷ ಹಿಂದಿನ ವಸ್ತುವನ್ನೂ ಬಿಟ್ಟವನಲ್ಲ. ನನ್ನದು ಅಂತ ಹೇಳ್ದೆ ಅವನಿಗೆ ನಿದ್ದೆ ಬರ್ತಿರಲಿಲ್ಲ. ನೀವು ನಂಬರ್ ಹಾಕಿಸಿದ್ದೀರಿ. ಚಕ್ರವರ್ತಿಯ ಪದ್ಧತಿಯೇ ಅದು. ಹಾಗೇ ಹೇಳಿ.”

ಅವಳು ಅದನ್ನು ಉಗುಳಿದ ಹಾಗೆ ಹೇಳಿದ್ದಳು. ಅದೇ ಹೊತ್ತಿಗೆ ಹಗ್ಗ ಎಸೆದ ಹಾಗೂ ಎಸೆದಿದ್ದಳು. ಇವನಿಗೆ ಉಗುಳು ಕಾಣುವುದಿಲ್ಲ, ಹಗ್ಗ ಮಾತ್ರ ಕಾಣುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಲ್ಯಾನ್ಸ್‌ಲಾಟ್‌ನ ಬಾಯಿ ಸ್ವಲ್ಪ ತೆರೆಯಿತು. ಮುಖಕ್ಕೆ ಬಣ್ಣ ಬಂತು.

“ಇದು ಸತ್ಯವಾ ಮೇಡಂ? ಪುಸ್ತಕದಲ್ಲಿ ಉಂಟಾ?”

“ಎಲ್ಲ ಪುಸ್ತಕದಲ್ಲೂ ಉಂಟು.”

“ಓಹ್! ಇದನ್ನು ಮೊದಲೇ ಹೇಳ್ಬೇಕಲ್ವಾ ಮಾರಾಯ್ರೇ! ಆ ಚಕ್ರವರ್ತಿಯ ಹೆಸರು ಒಮ್ಮೆ ಬರ್ದು ಕೊಡಿ. ಉಚ್ಚಾರ ಕನ್ನಡದಲ್ಲಿ ಬರೀರಿ, ನಂಗೆ ಸುಲಭ ಆಗ್ತದೆ.”

ಸಂಜೆ ಅರ್ಬಾಬ್ ಬಂದರು, ಜೊತೆಯಲ್ಲಿ ಪ್ಯಾಟ್ರಿಷಿಯಾ. ಅರ್ಬಾಬ್ ಸಣ್ಣ ದೇಹದ, ಮೆಲುಮಾತಿನ, ಮುತ್ತಿನ ತಸ್ಬಿಯ ಮಣಿ ಎಣಿಸುತ್ತಲೇ ಇರುವ ಮನುಷ್ಯ. ಯಾರಿಗೂ ಅವರು ಗದರಿದ್ದನ್ನು ವತ್ಸಲಾ ಕೇಳಿರಲಿಲ್ಲ. ಗದರುವ ಅಗತ್ಯ ಅವರಿಗೆ ಬರುತ್ತಲೇ ಇರಲಿಲ್ಲ. ಪ್ಯಾಟ್ರಿಷಿಯಾ ಬಿಳಿ ಕೂದಲಿನ, ಚಪ್ಪಟೆ ಚಪ್ಪಲಿಯ ಹೆಂಗಸು. ಬಂದವಳೇ ಗೋಡೆಯ ಮೇಲಿನ ಕಾರ್ಡುಗಳನ್ನು ಒಂದೊಂದಾಗಿ ಓದತೊಡಗಿದಳು. ಅಷ್ಟು ಕಾಲದಲ್ಲಿ ಅವನ್ನು ಓದಿದ ಮೊದಲ ವ್ಯಕ್ತಿ ಅವಳು. ವತ್ಸಲಾಗೆ ಕ್ಷಣಮಾತ್ರ, ಬಹಳ ಹಿಂದೆ ಬಿಟ್ಟುಬಂದ ಊರಿನ ಯಾರನ್ನೋ ಕಂಡ ಹಾಗಾಯಿತು.

ಹಾಳೆಗಳನ್ನು ಅತಿಥಿಗಳು ಕೂರುವ ಮಜ್ಲಿಸಿನ ಉದ್ದ ಮೇಜಿನ ಮೇಲೆ ಮಖಮಲ್ಲಿನ ಬಟ್ಟೆ ಹಾಸಿ ಇಟ್ಟಿದ್ದರು. ಪ್ಯಾಟ್ರಿಷಿಯಾ ಬಗ್ಗಿ ನೋಡುತ್ತಾ ಹೋದಳು. ನಂಬರ್ ಇದ್ದ ಹಾಳೆಯ ಮುಂದೆ ಬಂದಾಗ ನಿಂತಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

“ಇದೇನು?” ಕೇಳಿದವರು ಅರ್ಬಾಬ್.

ಬಾಗಿಲ ಬಳಿ ಸಲಾಂ ನಿಂತಿದ್ದ; ಲ್ಯಾನ್ಸ್‌ಲಾಟ್ ಕರೆಸಿ ನಿಲ್ಲಿಸಿದ್ದ.

ಲ್ಯಾನ್ಸ್‌ಲಾಟ್ ಒಂದು ಹೆಜ್ಜೆ ಮುಂದೆ ಬಂದ. ಕೈಗಳನ್ನು ಹೊಟ್ಟೆಯ ಮುಂದೆ ಜೋಡಿಸಿಕೊಂಡು, ಚರ್ಚಿನಲ್ಲಿ ಓದುವ ದನಿಯಲ್ಲಿ, ತಾನು ಇದನ್ನು ಬಹಳ ಅಧ್ಯಯನ ಮಾಡಿ ಮಾಡಿಸಿದ್ದಾಗಿ ಹೇಳಿದ. ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ ತನ್ನ ಸಂಗ್ರಹದ ವಸ್ತುಗಳ ಮೇಲೆ ತನ್ನ ಗುರುತು ಕೊರೆಸುತ್ತಿದ್ದನು. ಆ ಸಂಪ್ರದಾಯವನ್ನು ಗೌರವಿಸಿ, ಈ ಮನೆಯ ಗುರುತನ್ನು ಪ್ರಯೋಗಕ್ಕಾಗಿ ಒಂದೇ ಒಂದು ಹಾಳೆಯ ಮೇಲೆ ಹಾಕಿಸಿದೆ. ಅರ್ಬಾಬರಿಗೆ ಅಚ್ಚರಿಯಾಗಲೆಂದು ಮೊದಲೇ ಹೇಳಲಿಲ್ಲ. ಹೆಸರನ್ನು ಅವನು ತಪ್ಪಿಲ್ಲದೆ ಉಚ್ಚರಿಸಿದ. ವತ್ಸಲಾ ಬರೆದುಕೊಟ್ಟದ್ದು ಸರಿಯಾಗಿತ್ತು.

ಅರ್ಬಾಬರ ಬೆರಳುಗಳ ನಡುವೆ ಮಣಿಗಳು ನಿಂತವು. ಅವರು ಅತಿಥಿಯ ಕಡೆ ನೋಡಿದರು. “ನೀವು ತಿಳಿದವರು. ಇವನು ಹೇಳುವುದು ನಿಜವೇ?”

ಪ್ಯಾಟ್ರಿಷಿಯಾ ಉತ್ತರಿಸುವ ಮೊದಲು ಗಹ್ವಾದ ಪುಟ್ಟ ಬಟ್ಟಲನ್ನು ತುಟಿಗೆ ಒತ್ತಿಕೊಂಡಳು. ಅವಳ ಮ್ಯೂಸಿಯಮ್ಮಿಗೆ ಹೊಸ ಗ್ಯಾಲರಿ ಕಟ್ಟುತ್ತಿದ್ದಾರೆಂದೂ, ಅರ್ಬಾಬರ ನೆರವು ಕೇಳಲು ಬಂದಿದ್ದಾಳೆಂದೂ ವಿಲ್ಲಾದಲ್ಲಿ ಎಲ್ಲರಿಗೂ ಗೊತ್ತಿತ್ತು. ಬಟ್ಟಲು ಆಗಲೇ ಬರಿದಾಗಿತ್ತು. ಆದರೂ ಅವಳು ಇನ್ನೊಂದು ಗುಟುಕು ಕುಡಿದಂತೆ ಮಾಡಿದಳು.

“ಚಕ್ರವರ್ತಿಯ ಬಗ್ಗೆ ಅವರು ಹೇಳಿದ್ದು ನಿಜ,” ಎಂದಳು. “ಸಂಗ್ರಹಕಾರರ ಗುರುತು... ಅದೂ ವಸ್ತುವಿನ ಚರಿತ್ರೆಯ ಭಾಗವೇ. ಒಂದು ದೃಷ್ಟಿಯಿಂದ ನೋಡಿದರೆ.”

ಒಂದು ದೃಷ್ಟಿ. ವತ್ಸಲಾ ಅವಳ ಚಪ್ಪಟೆ ಚಪ್ಪಲಿಗಳನ್ನು ನೋಡಿದಳು. ಕಾರ್ಡು ಓದಿದವಳು ಎಂದು ತಾನು ಅರೆಕ್ಷಣ ಮರುಳಾದದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು. ಲ್ಯಾನ್ಸ್‌ಲಾಟ್‌ಗಾದರೂ ತಿಳಿಯದು. ಇವಳಿಗೆ ತಿಳಿದಿತ್ತು, ಎಲ್ಲವೂ ತಿಳಿದಿತ್ತು.

ಅರ್ಬಾಬ್ ಈಗ ವತ್ಸಲಾಳ ಕಡೆ ತಿರುಗಿದರು. “ನೀನು ಕಾರ್ಡು ಬರೆಯುವವಳು. ನೀನು ಏನನ್ನುತ್ತಿ?”

ಅವಳು ಬಾಗಿಲ ಕಡೆ ನೋಡಿದಳು. ಸಲಾಂ ತನ್ನ ಅಂಗಿಯ ಮೇಲಿನ ಗುಂಡಿಯನ್ನು ಹಾಕಿಕೊಂಡಿದ್ದ, ಮರ್ಯಾದೆಗೆ. ಸತ್ಯ ಹೇಳುವುದಾದರೆ ಒಂದೇ ವಾಕ್ಯ ಸಾಕಿತ್ತು: ಇದು ಸ್ಟೋರಿನ ನಂಬರ್, ನಿಮ್ಮ ಏಣಿಯ ಮೇಲೂ ಇದೇ ಇದೆ. ಆ ವಾಕ್ಯದ ಬೆಲೆಯನ್ನು ತೆರಬೇಕಾದವನು ಬಾಗಿಲ ಬಳಿ ನಿಂತಿದ್ದ, ಮೇಜಿನ ಬಳಿ ನಿಂತವನಲ್ಲ.

“ಚಕ್ರವರ್ತಿ ಹಾಗೇ ಮಾಡುತ್ತಿದ್ದ ಸರ್,” ಎಂದಳು. ಅದು ಸುಳ್ಳೂ ಅಲ್ಲ.

ಅರ್ಬಾಬ್ ಹಾಳೆಯನ್ನು ಕೈಗೆತ್ತಿಕೊಂಡು ದೀಪದ ಬೆಳಕಿಗೆ ಹಿಡಿದರು. ತುಂಬ ಹೊತ್ತು ನೋಡಿದರು. ಕೊನೆಗೆ ಬೇಸರದ ಮುಖ ಮಾಡಿದರು.

“ಆದರೆ ನಂಬರ್ ಯಾಕೆ?” ಎಂದರು. “ಚಕ್ರವರ್ತಿ ನಂಬರ್ ಹಾಕುತ್ತಿದ್ದನೇ? ನಂಬರ್ ಹಾಕುವುದು ಗುಮಾಸ್ತರು. ಹೆಸರು ಬರೆಯಬೇಕಿತ್ತು. ನನ್ನ ಹೆಸರು, ನನ್ನ ತಂದೆಯ ಹೆಸರು. ಅರಬಿಯಲ್ಲಿ, ಒಳ್ಳೆಯ ಕೈಬರಹದಲ್ಲಿ. ಒಂದು ಹಾಳೆಗಲ್ಲ, ಎಲ್ಲ ಹಾಳೆಗೂ. ಚಿತ್ರದ್ದು ಬಿಡಿ, ಅದು ಒಳಗೇ ಇರುತ್ತದಲ್ಲ.” ಆಮೇಲೆ ತಲೆಯೆತ್ತಿ, “ಇದನ್ನು ಕೊರೆದವನು ಯಾರು?”

ಲ್ಯಾನ್ಸ್‌ಲಾಟ್ ಅರೆಗಳಿಗೆ ತಡವರಿಸಿದ. ನಾನೇ ಎಂದು ಹೇಳಿಬಿಡುತ್ತಾನೇನೋ ಎಂದು ವತ್ಸಲಾಗೆ ಅನ್ನಿಸಿತು. “ನನ್ನ ಹುಡುಗ, ಸರ್,” ಎಂದು ತನಗಿಂತ ಹಿರಿಯನಾದ ಸಲಾಂನನ್ನು ತೋರಿಸಿದ. “ನಾನೇ ತರಬೇತಿ ಕೊಟ್ಟದ್ದು.”

ಅರ್ಬಾಬ್ ಸಲಾಂನ ಹೆಗಲ ಮೇಲೆ ಕೈಯಿಟ್ಟರು. ಕೈ ಚೆನ್ನಾಗಿದೆ ಎಂದರು. ಸಲಾಂ ಅರಬಿಯಲ್ಲಿ ಏನೋ ಹೇಳಲು ಹೋಗಿ, ಆಗದೆ, ಎರಡೂ ಕೈಯನ್ನು ಎದೆಗೆ ಒತ್ತಿಕೊಂಡ. ಅವನ ಮುಖದಲ್ಲಿ ನಹ್ಲಾಳ ಪರೀಕ್ಷೆಯೂ, ಅಲ್ ವಕ್ರಾದ ಮನೆಯೂ, ಒಟ್ಟಿಗೇ ಮರಳಿ ಬಂದು ಕುಳಿತವು.

ಅತಿಥಿ ಹೊರಡುವಾಗ ಮೊಗಸಾಲೆಯಲ್ಲಿ ವತ್ಸಲಾಳ ಪಕ್ಕ ನಿಂತಳು. ನಿಮ್ಮ ಕಾರ್ಡುಗಳು ಬಹಳ ಚೆನ್ನಾಗಿವೆ, ಎಲ್ಲಿ ಓದಿದಿರಿ ಎಂದು ಕೇಳಿದಳು. ವತ್ಸಲಾ ಹೇಳಿದಳು. ಪ್ಯಾಟ್ರಿಷಿಯಾ ದನಿ ತಗ್ಗಿಸಿ, “ನಿಮಗೆ ಅರ್ಥವಾಗುತ್ತದೆ. ಅಲ್ಲಿ ನಾನು ಏನು ಹೇಳಬಹುದಿತ್ತು? ಇನ್ನೂ ಕೊರೆಯದಂತೆ ನೀವಾದರೂ ಹೇಗಾದರೂ ತಡೆಯಿರಿ,” ಎಂದಳು.

“ನನಗೊಂದು ಕಾರಣವಿದೆ, ತಡೆಯದೆ ಇರುವುದಕ್ಕೆ,” ಎಂದಳು ವತ್ಸಲಾ. “ನಿಮ್ಮದು ಕಟ್ಟಡ, ನನ್ನದು ಒಬ್ಬ ಮನುಷ್ಯ. ನಾವಿಬ್ಬರೂ ಒಂದೇ ಅಂತ ತಿಳಿಯಬೇಡಿ.” ಹೇಳಿದ ಮೇಲೆ, ತಾನು ಬೇರೆ ಎಂದು ಹೇಳಿಕೊಳ್ಳುವ ಆಸೆ ತನಗೂ ಇದೆಯಲ್ಲ ಎಂದು ಅವಳಿಗೆ ಅಸಹ್ಯವಾಯಿತು. ಅವಳು ಬಾಗಿಲು ತೆಗೆದು ಹಿಡಿದಳು.

ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಅವಳು ಬಂದಾಗ ಲ್ಯಾನ್ಸ್‌ಲಾಟ್ ಫೋನಿನಲ್ಲಿ ಹೆಂಡತಿಯ ಜೊತೆ ಕೊಂಕಣಿಯಲ್ಲಿ ಚಕ್ರವರ್ತಿಯ ಕಥೆ ಹೇಳುತ್ತಿದ್ದ. ಅವಳನ್ನು ಕಂಡು ಫೋನಿಗೆ ಅಂಗೈ ಮುಚ್ಚಿ, “ರೋಶನ್‌ದು ನಾನು ಮಾತಾಡಿದ್ದೇನೆ ಮೇಡಂ, ಟೆನ್ಶನ್ ಬೇಡ,” ಎಂದ.

ಕೆಲಸಕ್ಕೆ ಹೊಸ ಪೆನ್ನು ಬಂದಿತ್ತು. ಅರ್ಬಾಬರ ಹೆಸರನ್ನು ಒಬ್ಬ ಕ್ಯಾಲಿಗ್ರಾಫರ್ ತೆಳು ಕಾಗದದಲ್ಲಿ ಬರೆದು ಕಳಿಸಿದ್ದ. ಸಲಾಂ ಕಿಟಕಿಯ ಬಳಿ ಮೇಜು ಹಾಕಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುಳಿತಿದ್ದ. ಪಕ್ಕದಲ್ಲಿ ಟಿಫಿನ್ ಡಬ್ಬ.

“ನನ್ನ ಬೀಬಿ ನಿಮಗೆ ಅಂತ ಪತ್ತಿರ್ ರೊಟ್ಟಿ ಕಳಿಸಿದ್ದಾಳೆ ಅಕ್ಕ. ನಹ್ಲಾ ನಿನ್ನೆ ನಾಲ್ಕು ಸಲ ಕೇಳಿದ್ಳು, ಉಪ್ಪಾ ನಿಮ್ಮ ಅಕ್ಷರ ಮ್ಯೂಸಿಯಮ್ಮಲ್ಲಿ ಇರ್ತದಾ ಅಂತ.”

“ಓದ್ತಾ ಇದ್ದಾಳಾ?”

“ಓದ್ತಾಳೆ, ಓದ್ತಾಳೆ. ಕೆಮಿಸ್ಟ್ರಿ ಸ್ವಲ್ಪ ಕಷ್ಟ ಅಂತೆ.”

ಅವನು ಕಾಗದವನ್ನು ಹಾಳೆಯ ಕೆಳ ಅಂಚಿಗೆ ಅಂಟಿಸಿ ಪೆನ್ನಿನ ಗುಂಡಿ ಒತ್ತಿದ. ಮೊನೆ ತಾಗಿದೊಡನೆ ನುಣುಪು ಕಲ್ಲು ಮಖಮಲ್ಲಿನ ಮೇಲೆ ಜಾರಿತು. ಮತ್ತೆ ಇಟ್ಟ, ಮತ್ತೆ ಜಾರಿತು.

“ಅಕ್ಕ, ಒಂದು ಸ್ವಲ್ಪ ಹಿಡ್ಕೊಳ್ತೀರಾ? ಬೇರೆಯವರಾದ್ರೆ ಬೀಳಿಸಿಬಿಡ್ತಾರೆ.”

ವತ್ಸಲಾ ಕುರ್ಚಿ ಎಳೆದುಕೊಂಡು ಕುಳಿತಳು. ಹಾಳೆಯ ಎರಡೂ ಬದಿಯನ್ನು ಅಂಗೈಗಳಿಂದ ಒತ್ತಿ ಹಿಡಿದಳು. ಕಲ್ಲು ತಣ್ಣಗಿತ್ತು. ಪೆನ್ನು ಜೀರ್ ಎಂದು ಶುರುವಾಯಿತು. ಹಸಿರಿನಿಂದ ಬಿಳಿ ಪುಡಿ ಎದ್ದು ಅವಳ ಬೆರಳುಗಳ ಮೇಲೆ ಕುಳಿತಿತು. ನಡುಕ ಅಂಗೈಯಿಂದ ಮಣಿಕಟ್ಟಿಗೆ, ಮಣಿಕಟ್ಟಿನಿಂದ ಮೊಣಕೈಗೆ ಹತ್ತಿತು.

ಸಲಾಂ ನಾಲಿಗೆ ಕಚ್ಚಿಕೊಂಡು ಒಂದು ಅಕ್ಷರ ಮುಗಿಸಿದ. ಪೆನ್ನು ನಿಲ್ಲಿಸಿ ತಲೆಯೆತ್ತಿದ.

“ಕೈ ನೋಯ್ತದಾ ಅಕ್ಕ?”

“ಇಲ್ಲ,” ಎಂದಳು ವತ್ಸಲಾ. “ನೀವು ಬರೀರಿ.”